ರಿಪೋರ್ಟ್ ಚೆನ್ನಾಗಿದೆ, ಕಾಲು ಉರಿಯುತ್ತಿದೆ: ಒಂದು ಪ್ರಕರಣ

ನಮ್ಮ ನೋವಿನ ಕ್ಲಿನಿಕ್‌ಗೆ ಅವರು ಮೊದಲ ಸಲ ಬಂದಿದ್ದು 2019ರಲ್ಲಿ. ಕೈಯಲ್ಲಿ ದಪ್ಪ ಫೈಲ್, ಕಾಲಲ್ಲಿ ಎರಡು ಸೈಜ್ ದೊಡ್ಡ ಚಪ್ಪಲಿ. ಫೈಲನ್ನು ಮೇಜಿನ ಮೇಲಿಟ್ಟು, "ಇದ್ರಲ್ಲಿ ಎಲ್ಲಾ ಚೆನ್ನಾಗೇ ಇದೆ ಡಾಕ್ಟ್ರೇ. ನಾನೇ ಚೆನ್ನಾಗಿಲ್ಲ" ಅಂದರು.

ಫೈಲ್ ನೋಡಿದರೆ ನಿಜವಾಗಿಯೂ ಚೆನ್ನಾಗಿತ್ತು. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ಎಚ್‌ಐವಿ ಪ್ರಮಾಣ, ಮೂರು ವರ್ಷದಿಂದ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ರೋಗ ತಡೆಯುವ ಸಿಡಿ4 ಕೋಶಗಳ ಎಣಿಕೆ 500ರ ಮೇಲೆ. ಎಚ್‌ಐವಿ ಡಾಕ್ಟರ ಕೈಬರಹದಲ್ಲಿ ಪ್ರತಿ ಪುಟದಲ್ಲೂ ಒಂದೇ ಮಾತು: ಆರಾಮಾಗಿದ್ದಾರೆ, ಅದೇ ಔಷಧ ಮುಂದುವರಿಸಿ. ಕಾಲಿನ ಉರಿಯ ಬಗ್ಗೆ ಒಂದೇ ಒಂದು ಕಡೆ ಬರೆದಿತ್ತು, ಅದೂ ಏಳು ವರ್ಷದ ಹಿಂದೆ.

ಅವರ ವಯಸ್ಸು 48, ಹೊಲಿಗೆ ಕೆಲಸ. ಎತ್ತರದ ಮನುಷ್ಯ. ಈ ಎತ್ತರದ ವಿಷಯ ಸುಮ್ನೆ ಹೇಳುತ್ತಿಲ್ಲ, ಮುಂದೆ ಬರುತ್ತದೆ. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹಿಂದಿನ ಕಥೆ

ಎಚ್‌ಐವಿ ಇದೆ ಅಂತ ಗೊತ್ತಾಗಿದ್ದು 2005ರಲ್ಲಿ. ಆಗ ಸಿಡಿ4 ಬರೀ 64. ಶುರು ಮಾಡಿದ ಔಷಧಗಳು ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಾಪಿನ್. ಆ ಕಾಲದಲ್ಲಿ ಈ ಮೂರು ಸೇರಿದ ಮಾತ್ರೆ ಸಾವಿರಾರು ಜನರ ಜೀವ ಉಳಿಸಿತು, ಇವರದ್ದೂ ಸೇರಿ. ಅದನ್ನು ಮರೆಯಬಾರದು. ಆದರೆ ಒಂದು ವರ್ಷ ದಾಟುವ ಹೊತ್ತಿಗೆ ಕಾಲಿನ ಬೆರಳ ತುದಿಯಲ್ಲಿ ಜುಮ್ಮು ಶುರುವಾಯಿತು. ಆಮೇಲೆ ಪಾದ ಪೂರ್ತಿ ಉರಿ.

ಸ್ಟಾವುಡಿನ್ ವೈರಸ್ಸನ್ನು ತಡೆಯುವುದರ ಜೊತೆಗೆ ನಮ್ಮ ಜೀವಕೋಶದೊಳಗಿನ ಮೈಟೊಕಾಂಡ್ರಿಯಾಕ್ಕೂ ಏಟು ಕೊಡುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವುದು ಅದೇ. ಅದರ ಕೆಲಸ ಕುಂದಿದರೆ ಮೊದಲು ಸೋಲುವುದು ಅತಿ ಉದ್ದದ ನರಗಳು. ಬೆನ್ನಿನಿಂದ ಕಾಲ್ಬೆರಳಿನ ತನಕ ಹೋಗುವ ನರಕ್ಕಿಂತ ಉದ್ದದ್ದು ಮೈಯಲ್ಲಿ ಬೇರೆ ಇಲ್ಲ. ಹಾಗಾಗಿಯೇ ಉರಿ ಪಾದದಿಂದ ಶುರುವಾಗಿ ಕಾಲುಚೀಲ ಏರಿದ ಹಾಗೆ ಮೇಲೆ ಹತ್ತುತ್ತದೆ. ಎತ್ತರದವರಿಗೆ ನರ ಇನ್ನೂ ಉದ್ದ. ಸ್ಟಾವುಡಿನ್ ತಗೊಂಡವರಲ್ಲಿ ಎತ್ತರದವರಿಗೆ ಮತ್ತು ವಯಸ್ಸಾದವರಿಗೆ ಈ ತೊಂದರೆ ಜಾಸ್ತಿ ಅಂತ ಅಧ್ಯಯನಗಳಲ್ಲೂ ಕಂಡಿದೆ.

2009ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಸ್ಟಾವುಡಿನ್ ಬಳಕೆಯನ್ನು ಹಂತ ಹಂತವಾಗಿ ನಿಲ್ಲಿಸಿ ಅಂತ ಹೇಳಿತು. ಇವರಿಗೆ ಅದನ್ನು ತೆಗೆದಿದ್ದು 2011ರಲ್ಲಿ. ಉರಿ ಏರುವುದು ನಿಂತಿತು, ಹೋಗಲಿಲ್ಲ. ಹಾಳಾದ ನರ ಪೂರ್ತಿ ಸರಿಹೋಗುವುದು ಅಪರೂಪ. ಅದರ ಮೇಲೆ ಎಚ್‌ಐವಿಯೇ ನರಕ್ಕೆ ಹಾನಿ ಮಾಡುತ್ತದೆ, ಅದರಲ್ಲೂ ಸಿಡಿ4 ಒಮ್ಮೆ ತುಂಬಾ ಕೆಳಗಿಳಿದು ಬಂದವರಿಗೆ. 2016ರಲ್ಲಿ ಮೊದಲ ಸಾಲಿನ ಔಷಧ ಕೈಕೊಟ್ಟಿತು. ಆಗಿನಿಂದ ಟೆನೊಫೊವಿರ್, ಲ್ಯಾಮಿವುಡಿನ್, ಜೊತೆಗೆ ಅಟಜನವಿರ್ ಮತ್ತು ರಿಟೊನವಿರ್. ಈ ಕೊನೆಯ ಹೆಸರನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ವಿಷಯ ಫೈಲಿನಲ್ಲಿ ಇರಲಿಲ್ಲ. ಮೂರನೇ ಭೇಟಿಯಲ್ಲಿ ಅವರೇ ಹೇಳಿದರು. ಅವರ ಹೆಂಡತಿ ತೀರಿಕೊಂಡಿದ್ದು 2006ರಲ್ಲಿ. ಮೂರು ವಾರ ತಲೆನೋವು ಅಂತ ಒದ್ದಾಡಿದ್ದರು. ಪ್ರತಿ ಸಲ ನೋವಿನ ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ದರು. ಕೊನೆಗೆ ಬೆನ್ನುಹುರಿಯ ನೀರು ತೆಗೆದು ನೋಡಿದಾಗ ಕ್ರಿಪ್ಟೊಕಾಕಸ್ ಅನ್ನುವ ಶಿಲೀಂಧ್ರದ ಮೆದುಳುಪೊರೆ ಸೋಂಕು. ಅಷ್ಟರಲ್ಲಿ ತಡವಾಗಿತ್ತು.

ಆ ಕಾಯಿಲೆಯಲ್ಲಿ ತಲೆನೋವಿಗೆ ಮದ್ದು ನೋವಿನ ಮಾತ್ರೆ ಅಲ್ಲವೇ ಅಲ್ಲ. ತಲೆಯೊಳಗೆ ಒತ್ತಡ ಏರಿರುತ್ತದೆ. ಬೆನ್ನಿನಿಂದ ಸೂಜಿ ಹಾಕಿ ಆ ನೀರನ್ನು ಹೊರಗೆ ತೆಗೆದರೆ, ಎಷ್ಟೋ ಸಲ ಸೂಜಿ ಇನ್ನೂ ಒಳಗಿರುವಾಗಲೇ ರೋಗಿ "ಈಗ ಹಗುರಾಯ್ತು" ಅನ್ನುತ್ತಾರೆ. ಜೊತೆಗೆ ಶಿಲೀಂಧ್ರದ ಔಷಧ ಬೇಕು. ಎಚ್‌ಐವಿ ಇರುವವರ ನೋವಿನಲ್ಲಿ ಇದು ಮೊದಲ ಪಾಠ. ನುಂಗಲು ನೋವು ಅಂದರೆ ಅನ್ನನಾಳದಲ್ಲಿ ಕ್ಯಾಂಡಿಡಾ ಅನ್ನುವ ಶಿಲೀಂಧ್ರದ ಸೋಂಕು ಇರಬಹುದು, ಅದಕ್ಕೆ ಫ್ಲುಕೊನಜೋಲ್ ಕೊಡಬೇಕು. ಪಕ್ಕೆಯಲ್ಲಿ ಒಂದೇ ಕಡೆ ಉರಿ, ಎರಡು ದಿನದಲ್ಲಿ ಗುಳ್ಳೆ ಎದ್ದರೆ ಸರ್ಪಸುತ್ತು, ಅದಕ್ಕೆ 72 ಗಂಟೆಯೊಳಗೆ ವೈರಸ್ ವಿರುದ್ಧದ ಔಷಧ ಶುರುವಾದರೆ ಒಳ್ಳೆಯದು. ನೋವು ಕಡಿಮೆ ಮಾಡುವುದು ಅಂದರೆ ಎಷ್ಟೋ ಸಲ ನೋವಿನ ಮೂಲ ಹುಡುಕುವುದೇ. ನಾನು ಇದನ್ನು ಎಲ್ಲರಿಗೂ ಹೇಳುತ್ತಿರುತ್ತೇನೆ. ಆದರೂ ಇದೇ ಪ್ರಕರಣದಲ್ಲಿ ಎಡವಿದೆ.

ಮೊದಲ ಭೇಟಿ

ಎಚ್‌ಐವಿ ಇರುವವರಲ್ಲಿ ನೋವು ಎಷ್ಟು ಸಾಮಾನ್ಯ ಅನ್ನುವುದನ್ನು ಹೊರಗಿನವರು ನಂಬುವುದೇ ಇಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2014ರ ಒಂದು ವಿಮರ್ಶೆಯ ಪ್ರಕಾರ, ಹಿಂದಿನ ಮೂರು ತಿಂಗಳಲ್ಲಿ ನೋವು ಅನುಭವಿಸಿದವರು 54ರಿಂದ 83 ಶೇಕಡಾ. ವೈರಸ್ ಹತೋಟಿಗೆ ಬಂದ ಮಾತ್ರಕ್ಕೆ ನೋವು ಹೋಗುವುದಿಲ್ಲ. ಆದರೆ ಡಾಕ್ಟರ ಹತ್ತಿರ ಇರುವ ಹತ್ತು ನಿಮಿಷ ವೈರಲ್ ಲೋಡ್ ನೋಡುವುದರಲ್ಲೇ ಮುಗಿದುಹೋಗುತ್ತದೆ.

ಸೊನ್ನೆಯಿಂದ ಹತ್ತರೊಳಗೆ ನೋವಿಗೆ ಎಷ್ಟು ಅಂಕ ಅಂತ ಕೇಳಿದೆ. ಹಗಲು ಐದು, ರಾತ್ರಿ ಎಂಟು. ನಿದ್ದೆ ಮೂರು ಗಂಟೆ. ಹೊದಿಕೆ ಪಾದಕ್ಕೆ ತಾಗಿದರೂ ಎಚ್ಚರ. ಅದಕ್ಕೆ ಅವರೇ ಒಂದು ಉಪಾಯ ಮಾಡಿಕೊಂಡಿದ್ದರು. ಒಂದು ರಟ್ಟಿನ ಪೆಟ್ಟಿಗೆಯ ಎರಡು ಬದಿ ಕತ್ತರಿಸಿ, ಹಾಸಿಗೆಯ ಕಾಲಕಡೆ ಕಮಾನಿನ ಹಾಗೆ ಇಟ್ಟು, ಅದರ ಮೇಲೆ ಹೊದಿಕೆ ಹೊದೆಯುತ್ತಿದ್ದರು. ಪಾದ ಒಳಗೆ, ಬಟ್ಟೆ ಮೇಲೆ. ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಕಬ್ಬಿಣದ ಚೌಕಟ್ಟು ಇರುತ್ತದೆ. ಇವರು ಅದನ್ನು ನೋಡೇ ಇರಲಿಲ್ಲ.

ಪರೀಕ್ಷೆಗೆ ದೊಡ್ಡ ಯಂತ್ರ ಏನೂ ಬೇಕಿಲ್ಲ. ಹತ್ತಿಯ ಎಳೆಯಿಂದ ಪಾದ ಸವರಿದೆ. ಕಾಲು ಹಿಂದಕ್ಕೆ ಎಳೆದುಕೊಂಡರು. ನೋವಾಗಬಾರದ ಸ್ಪರ್ಶಕ್ಕೆ ನೋವಾಗುವುದು ನರದ ನೋವಿನ ಗುರುತು. 128 ಹರ್ಟ್ಸ್‌ನ ಶ್ರುತಿಕವೆಯನ್ನು (ಬಡಿದರೆ ಕಂಪಿಸುವ ಲೋಹದ ಕವಲು) ಬಡಿದು ಹೆಬ್ಬೆರಳಿನ ಮೂಳೆ ಮೇಲಿಟ್ಟೆ. "ಏನಾದ್ರೂ ಗೊತ್ತಾಗ್ತಿದ್ಯಾ?" "ತಣ್ಣಗಿದೆ ಅಷ್ಟೆ." ಅದು ಅಲುಗುತ್ತಿದೆ ಅನ್ನುವುದು ಅವರಿಗೆ ಗೊತ್ತಾಗಿದ್ದು ಮೊಣಕಾಲಿನ ಹತ್ತಿರ ಇಟ್ಟಾಗ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಸುತ್ತಿಗೆಯಿಂದ ತಟ್ಟಿದರೆ ಪಾದ ಅಲುಗಲಿಲ್ಲ. ಕಂಪನ ಗೊತ್ತಾಗದ ಪಾದ, ಆದರೆ ಬಟ್ಟೆ ತಾಗಿದರೆ ಬೆಂಕಿ. ಇದನ್ನು ಮನೆಯವರಿಗೆ ಅರ್ಥ ಮಾಡಿಸುವುದು ಕಷ್ಟ. "ಮರಗಟ್ಟಿದೆ ಅಂತೀಯ, ಮತ್ತೆ ನೋವು ಎಲ್ಲಿಂದ ಬಂತು?" ಅಂತ ಅವರ ತಂಗಿಯೇ ಕೇಳಿದ್ದರಂತೆ.

ಬೇರೆ ಕಾರಣಗಳನ್ನೂ ಹುಡುಕಬೇಕು. ಎಚ್‌ಐವಿ ಇದ್ದ ಮಾತ್ರಕ್ಕೆ ಎಲ್ಲದಕ್ಕೂ ಅದೇ ಕಾರಣ ಆಗಬೇಕಿಲ್ಲ. ಸಕ್ಕರೆ, ಥೈರಾಯ್ಡ್, ಬಿ12, ಸಿಫಿಲಿಸ್ ಪರೀಕ್ಷೆ, ಕುಡಿತದ ಬಗ್ಗೆ ನೇರ ಪ್ರಶ್ನೆ. ಟಿಬಿ ತಡೆಯಲು ಐಸೊನಿಯಾಜಿಡ್ ತಗೊಂಡಿದ್ದರಾ, ಜೊತೆಗೆ ಬಿ6 ಕೊಟ್ಟಿದ್ದರಾ ಅಂತಲೂ ಕೇಳಬೇಕು. ಕೊಟ್ಟಿದ್ದರು. ಆದರೆ ಆಮೇಲೆ ಅದನ್ನು ಇವರು ನಿಲ್ಲಿಸಿರಲೇ ಇಲ್ಲ! ನರಕ್ಕೆ ಒಳ್ಳೆಯದು ಅಂತ ಯಾರೋ ಹೇಳಿದ್ದಕ್ಕೆ ದಿನಕ್ಕೆ 200 ಮಿ.ಗ್ರಾಂ ಬಿ6 ವರ್ಷಗಟ್ಟಲೆ ನುಂಗುತ್ತಿದ್ದರು. ಬಿ6 ಕಡಿಮೆಯಾದರೂ ನರಕ್ಕೆ ಪೆಟ್ಟು, ತುಂಬಾ ಜಾಸ್ತಿಯಾದರೂ ಪೆಟ್ಟು. ಅವತ್ತೇ ನಿಲ್ಲಿಸಿದೆವು.

ನಿಜವಾದ ಗಾಬರಿ ಹುಟ್ಟಿಸಿದ್ದು ಇನ್ನೊಂದು ಮಾತ್ರೆ. ಉರಿಗೆ ಅಂತ ದಿನಕ್ಕೆ ಎರಡು ಡೈಕ್ಲೊಫೆನಾಕ್, ಸುಮಾರು ಒಂದು ವರ್ಷದಿಂದ. ಚೀಟಿ ಇಲ್ಲದೆ ತಾವೇ ತಗೊಂಡು ನುಂಗುತ್ತಿದ್ದರು. ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.6 ಬಂತು. ಟೆನೊಫೊವಿರ್ ಕಿಡ್ನಿಗೆ ಭಾರ ಕೊಡಬಲ್ಲ ಔಷಧ. ಅದರ ಜೊತೆ ಡೈಕ್ಲೊಫೆನಾಕ್ ಸೇರಿದರೆ ಅಪಾಯ ಏರುತ್ತದೆ. ಅದಕ್ಕಿಂತ ಬೇಜಾರಿನ ವಿಷಯ ಅಂದರೆ, ನರದ ಉರಿಗೆ ಡೈಕ್ಲೊಫೆನಾಕ್ ಕೆಲಸವೇ ಮಾಡುವುದಿಲ್ಲ. ಊತ ಇದ್ದ ಕಡೆಯ ನೋವಿಗೆ ಅದು. ಒಂದು ವರ್ಷ ಕಿಡ್ನಿಯನ್ನು ಪಣಕ್ಕಿಟ್ಟು ಇವರಿಗೆ ಸಿಕ್ಕಿದ್ದು ಸೊನ್ನೆ. ಅದನ್ನು ನಿಲ್ಲಿಸಿದ ಆರು ವಾರದಲ್ಲಿ ಕ್ರಿಯಾಟಿನಿನ್ 1.2ಕ್ಕೆ ಇಳಿಯಿತು. ಹಾಗೆ ಇಳಿಯದೇ ಇದ್ದಿದ್ದರೆ ಟೆನೊಫೊವಿರ್ ಬದಲಿಸಬೇಕಾಗುತ್ತಿತ್ತು.

ಯಾವ ಔಷಧ, ಯಾಕೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ನರದ ನೋವು ಅಂದ ತಕ್ಷಣ ಕೈ ತಾನಾಗೇ ಅಮಿಟ್ರಿಪ್ಟಿಲಿನ್ ಅಂತ ಬರೆಯುತ್ತದೆ. ಸಕ್ಕರೆ ಕಾಯಿಲೆಯ ನರದ ನೋವಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಎಚ್‌ಐವಿಯ ನರದ ನೋವಿನಲ್ಲಿ 1998ರಲ್ಲೇ ಪರೀಕ್ಷಿಸಿ ನೋಡಿದಾಗ ಹುಸಿಮಾತ್ರೆಗಿಂತ (ಔಷಧ ಇಲ್ಲದ ಮಾತ್ರೆ) ಹೆಚ್ಚಿನ ಫಲ ಕಾಣಲಿಲ್ಲ. ನರದ ನೋವಿನ ಇನ್ನೊಂದು ಔಷಧ ಪ್ರಿಗ್ಯಾಬಲಿನ್ ಪರೀಕ್ಷೆಯಲ್ಲೂ ಅದೇ ಕಥೆ. ತಮಾಷೆ ಅಂದರೆ, ಆ ಅಧ್ಯಯನಗಳಲ್ಲಿ ಹುಸಿಮಾತ್ರೆ ತಗೊಂಡವರ ನೋವೂ ಸಾಕಷ್ಟು ಇಳಿದಿತ್ತು. ವಾರಕ್ಕೊಮ್ಮೆ ಯಾರಾದರೂ ಕೂತು "ಈಗ ಹೇಗಿದೆ?" ಅಂತ ಕೇಳಿದರೆ ನೋವು ಇಳಿಯುತ್ತದೆ ಅಂತ ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ. ಸಂಖ್ಯಾಶಾಸ್ತ್ರ ಗೊತ್ತಿರುವವರು ಜಗಳಕ್ಕೆ ಬರಬಹುದು.

ಇವರ ವಿಷಯದಲ್ಲಿ ಇನ್ನೊಂದು ತೊಡಕು ಇತ್ತು. ರಿಟೊನವಿರ್ ಅಮಿಟ್ರಿಪ್ಟಿಲಿನ್‌ನ ಮಟ್ಟವನ್ನು ರಕ್ತದಲ್ಲಿ ಏರಿಸಬಲ್ಲದು. ಅಟಜನವಿರ್ ಹೃದಯದ ವಿದ್ಯುತ್ ಸಂಕೇತವನ್ನು ನಿಧಾನ ಮಾಡಬಲ್ಲದು. ಎರಡೂ ಸೇರುವುದು ಬೇಡ ಅನ್ನಿಸಿತು. ಕಾರ್ಬಮಜೆಪಿನ್ ಅಂತೂ ಮಾತೇ ಇಲ್ಲ. ಅದು ಲಿವರನ್ನು ಚುರುಕುಗೊಳಿಸಿ ಎಚ್‌ಐವಿ ಔಷಧವನ್ನೇ ಬೇಗ ಹೊರಹಾಕಿಸುತ್ತದೆ. ಉರಿ ಕಡಿಮೆಯಾಗಿ ವೈರಸ್ ಎದ್ದು ಕೂತರೆ? ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ 8 ಶೇಕಡಾ ಇರುವ ಪಟ್ಟಿ ಅಂತ ಒಂದಿದೆ. ಪಾದಕ್ಕೆ 30 ನಿಮಿಷ ಅಂಟಿಸಿ ತೆಗೆಯುವುದು. ಒಂದು ಅಧ್ಯಯನದಲ್ಲಿ ಅದು ಫಲ ಕೊಟ್ಟಿತು, ಇನ್ನೊಂದರಲ್ಲಿ ಹೋಲಿಕೆಯ ಪಟ್ಟಿಗಿಂತ ಹೆಚ್ಚೇನೂ ಕಾಣಲಿಲ್ಲ. ನಮ್ಮಲ್ಲಿ ಅದು ಇರಲೂ ಇಲ್ಲ.

ಉಳಿದಿದ್ದು ಗ್ಯಾಬಪೆಂಟಿನ್. ಎಚ್‌ಐವಿ ನರದ ನೋವಿನಲ್ಲಿ ಅದಕ್ಕೂ ದೊಡ್ಡ ಸಾಕ್ಷ್ಯ ಇಲ್ಲ. ಆದರೆ 2017ರ ಅಮೆರಿಕದ ಮಾರ್ಗಸೂಚಿ ಮೊದಲು ಅದನ್ನೇ ಕೊಡಿ ಅನ್ನುತ್ತದೆ. ಒಂದು ದೊಡ್ಡ ಅನುಕೂಲ ಅಂದರೆ ಅದು ಲಿವರಿನ ದಾರಿ ಹಿಡಿಯುವುದಿಲ್ಲ, ನೇರ ಕಿಡ್ನಿಯಿಂದ ಹೊರಹೋಗುತ್ತದೆ. ಹಾಗಾಗಿ ರಿಟೊನವಿರ್ ಜೊತೆ ಜಗಳ ಇಲ್ಲ. ಕಿಡ್ನಿ ಸೋತಿದ್ದರಿಂದ ಡೋಸ್ ಮಾತ್ರ ಹುಷಾರು. ರಾತ್ರಿ 300 ಮಿ.ಗ್ರಾಂನಿಂದ ಶುರು ಮಾಡಿ ಎರಡು ವಾರದಲ್ಲಿ ದಿನಕ್ಕೆ 900ಕ್ಕೆ ಏರಿಸಿದೆವು. ಆರು ವಾರ ನೋಡೋಣ, ಫಲ ಇಲ್ಲದಿದ್ದರೆ ನಿಲ್ಲಿಸೋಣ ಅಂತ ಮೊದಲೇ ಮಾತಾಡಿಕೊಂಡೆವು. ಈ ಕೊನೆಯ ಮಾತು ಮುಖ್ಯ. ನೋವಿನ ಮಾತ್ರೆ ಶುರು ಮಾಡಲು ಎಲ್ಲರೂ ಇದ್ದಾರೆ, ನಿಲ್ಲಿಸಲು ಯಾರೂ ಇರುವುದಿಲ್ಲ.

ನೋವು ಪೂರ್ತಿ ಹೋಗುತ್ತದೆ ಅಂತ ಆಸೆ ಹುಟ್ಟಿಸಲಿಲ್ಲ. "ಅರ್ಧ ಇಳಿದರೆ ಏನು ಮಾಡ್ತೀರಿ?" ಅಂತ ಕೇಳಿದೆ. ಸ್ವಲ್ಪ ಯೋಚಿಸಿ, "ಎರಡು ಗಂಟೆ ಏಳದೆ ಮಷಿನ್ ಮುಂದೆ ಕೂರ್ತೀನಿ" ಅಂದರು. ಅದೇ ನಮ್ಮ ಗುರಿ ಅಂತ ಫೈಲಲ್ಲಿ ಬರೆದೆ.

ಎಂಟು ವಾರ ಆದ ಮೇಲೆ ರಾತ್ರಿಯ ಅಂಕ ಎಂಟರಿಂದ ನಾಲ್ಕಕ್ಕೆ ಬಂದಿತ್ತು. ನಿದ್ದೆ ಆರು ಗಂಟೆ. ಮಷಿನ್ ಮುಂದೆ ಒಂದೂವರೆ ಗಂಟೆ. ನನಗೆ ಖುಷಿಯಾಯಿತು. ಆ ಖುಷಿಯೇ ಮುಂದೆ ಕಣ್ಣು ಮಂಜು ಮಾಡಿತು ಅಂತ ಈಗ ಅನ್ನಿಸುತ್ತದೆ.

ನನ್ನ ತಪ್ಪು

ಐದನೇ ತಿಂಗಳಲ್ಲಿ ಫೋನ್ ಮಾಡಿದರು. ಎಡಗಡೆ ತೊಡೆಸಂದಿನಲ್ಲಿ ನೋವು, ನಡೆದರೆ ಜಾಸ್ತಿ. ನರದ ನೋವು ಮೇಲಕ್ಕೆ ಹತ್ತುತ್ತಿದೆ ಅಂದುಕೊಂಡೆ. ಕಿಡ್ನಿ ಈಗ ಸರಿಯಿದೆಯಲ್ಲ ಅಂತ ಗ್ಯಾಬಪೆಂಟಿನ್ ಏರಿಸಿ 1800 ಮಾಡಿದೆ. ಬರಲು ಹೇಳಲಿಲ್ಲ, ಮುಟ್ಟಿ ನೋಡಲಿಲ್ಲ.

ಯೋಚನೆ ಮಾಡಿದ್ದರೆ ಅಲ್ಲೇ ಗೊತ್ತಾಗಬೇಕಿತ್ತು. ಎಚ್‌ಐವಿಯ ನರದ ನೋವು ಎರಡೂ ಕಾಲಿನಲ್ಲಿ ಸಮನಾಗಿ ಬರುತ್ತದೆ, ಕೆಳಗಿಂದ ಮೇಲೆ ಹತ್ತುತ್ತದೆ, ರಾತ್ರಿ ಜಾಸ್ತಿ, ನಡೆದರೆ ಅಷ್ಟೇನೂ ಏರುವುದಿಲ್ಲ. ಇದು ಒಂದೇ ಕಡೆ, ಪಾದದಿಂದ ಹಾರಿ ತೊಡೆಸಂದಿಗೆ ಬಂದಿತ್ತು, ಭಾರ ಬಿದ್ದಾಗ ಏರುತ್ತಿತ್ತು. ಒಂದೇ ಒಂದು ಲಕ್ಷಣವೂ ಹೊಂದುತ್ತಿರಲಿಲ್ಲ. ಆದರೆ ಫೈಲ್ ಮೇಲೆ ನನ್ನದೇ ಕೈಯಲ್ಲಿ "ನರದ ನೋವು" ಅಂತ ಬರೆದಿತ್ತಲ್ಲ.

ಆರು ವಾರ ಬಿಟ್ಟು ಕುಂಟುತ್ತಾ ಬಂದರು. ಜೊತೆಗೆ ತಂಗಿ. ನಾನು ಮೊದಲು ನೋಡಿದ್ದು ಸೊಂಟವನ್ನಲ್ಲ, ಮುಖವನ್ನು. ಕೆನ್ನೆ ತುಂಬಿಕೊಂಡು ದುಂಡಗಾಗಿತ್ತು. ಕುತ್ತಿಗೆಯ ಹಿಂದೆ ಸಣ್ಣ ಉಬ್ಬು. "ಅಣ್ಣ ಈಗ ಮೈಕೈ ತುಂಬಿಕೊಂಡಿದ್ದಾನೆ, ಅಲ್ವಾ?" ಅಂತ ತಂಗಿ ಸಂತೋಷದಲ್ಲಿ ಹೇಳಿದರು. ರಕ್ತದೊತ್ತಡ 150/96. ಮೊದಲು ಸರಿಯಿದ್ದ ಸಕ್ಕರೆ ಈಗ ಬರಿಹೊಟ್ಟೆಯಲ್ಲಿ 138.

ಮಲಗಿಸಿ ಮೊಣಕಾಲು ಮಡಚಿ, ಎಡ ಪಾದವನ್ನು ಹೊರಕ್ಕೆ ಸರಿಸಿದೆ. ಹಾಗೆ ಮಾಡಿದಾಗ ಸೊಂಟದ ಕೀಲಿನೊಳಗೆ ತೊಡೆಮೂಳೆ ಒಳಕ್ಕೆ ತಿರುಗುತ್ತದೆ. ಹತ್ತು ಡಿಗ್ರಿ ತಿರುಗುವಷ್ಟರಲ್ಲಿ ಅವರು ಮಂಚದ ಅಂಚು ಹಿಡಿದುಕೊಂಡರು. ಇದು ಕೀಲಿನ ನೋವು. ಹದಿನೈದು ಸೆಕೆಂಡಿನ ಪರೀಕ್ಷೆ. ಆರು ವಾರದ ಹಿಂದೆಯೇ ಮಾಡಬಹುದಿತ್ತು.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಶುರುವಿನಲ್ಲಿ ಕಾಣುವುದೂ ಇಲ್ಲ, ಅದನ್ನು ನೋಡಿ ಸಮಾಧಾನ ಪಟ್ಟುಕೊಳ್ಳಬಾರದು. ಎಂಆರ್‌ಐಯಲ್ಲಿ ಸಿಕ್ಕಿತು. ತೊಡೆಮೂಳೆಯ ಚೆಂಡಿನಂಥ ತುದಿಗೆ ರಕ್ತ ಸರಿಯಾಗಿ ಹೋಗದೆ ಮೂಳೆ ಸಾಯುತ್ತಿತ್ತು. ಎಡಗಡೆ ಜಾಸ್ತಿ, ಬಲಗಡೆ ಈಗಷ್ಟೇ ಶುರು.

ಇಂಜೆಕ್ಷನ್

ದುಂಡು ಮುಖ, ಏರಿದ ಸಕ್ಕರೆ, ಸಾಯುತ್ತಿರುವ ಮೂಳೆ. ಮೂರೂ ಒಟ್ಟಿಗೆ ಬಂದರೆ ಸ್ಟೆರಾಯ್ಡ್ ನೆನಪಾಗಬೇಕು. "ಯಾವುದಾದರೂ ಸ್ಟೆರಾಯ್ಡ್ ತಗೊಂಡಿದ್ದೀರಾ?" "ಇಲ್ಲ." "ಮಾತ್ರೆ?" "ನೀವು ಕೊಟ್ಟಿದ್ದೇ." "ಇಂಜೆಕ್ಷನ್?"

ಅವರು ತಂಗಿಯ ಕಡೆ ನೋಡಿದರು. ತಂಗಿಯನ್ನು ಹೊರಗೆ ಕೂರಲು ಹೇಳಿದೆ.

ಭುಜ ಬಿಗಿದುಕೊಂಡಿತ್ತು, ಕತ್ತರಿ ಹಿಡಿಯಲು ಆಗುತ್ತಿರಲಿಲ್ಲ. ಬೇರೆ ಕಡೆ ಒಬ್ಬ ಮೂಳೆ ಡಾಕ್ಟರ ಹತ್ತಿರ ಹೋಗಿದ್ದರು. ಅವರು ಭುಜಕ್ಕೆ ಟ್ರಯಾಮ್ಸಿನೊಲೋನ್ ಅನ್ನುವ ಸ್ಟೆರಾಯ್ಡ್ ಚುಚ್ಚಿದರು. ಆರು ತಿಂಗಳಲ್ಲಿ ಮೂರು ಸಲ. ಮೊದಲನೆಯದು ನಮ್ಮಲ್ಲಿಗೆ ಬರುವ ಎರಡು ತಿಂಗಳ ಮುಂಚೆ. ಎಚ್‌ಐವಿ ವಿಷಯ ಅಲ್ಲಿ ಹೇಳಿರಲಿಲ್ಲ. ಬೇರೆ ಏನಾದರೂ ಮಾತ್ರೆ ತಗೊಳ್ತೀರಾ ಅಂತ ಅಲ್ಲಿ ಕೇಳಿದ್ದರು. ಇಲ್ಲ ಅಂದಿದ್ದರು.

ಯಾಕೆ ಹೇಳಲಿಲ್ಲ ಅಂತ ನಾನು ಕೇಳಲಿಲ್ಲ. ಅವರೇ ಹೇಳಿದರು. ಹತ್ತು ವರ್ಷದ ಹಿಂದೆ ಹಲ್ಲು ಕೀಳಿಸಲು ಹೋದಾಗ ನಿಜ ಹೇಳಿದ್ದರಂತೆ. ಕುರ್ಚಿಯಲ್ಲಿ ಕೂತವರನ್ನು ಎಬ್ಬಿಸಿ, ಇನ್ನೊಂದು ದಿನ ಬನ್ನಿ ಅಂತ ಕಳಿಸಿದ್ದರು. ಆ ಇನ್ನೊಂದು ದಿನ ಬರಲೇ ಇಲ್ಲ. ಅವರು ಹೊರಗೆ ಹೋಗುವಾಗ ಕುರ್ಚಿ ಒರೆಸುತ್ತಿದ್ದ ಶಬ್ದ ಇನ್ನೂ ಕಿವಿಯಲ್ಲಿದೆ ಅಂದರು.

ರಿಟೊನವಿರ್‌ನ ಕೆಲಸ ಈಗ ಹೇಳಬೇಕು. ಇವರ ಮಾತ್ರೆಯಲ್ಲಿ ಅದು ವೈರಸ್ಸನ್ನು ಹೊಡೆಯಲು ಇರುವುದಲ್ಲ. ಲಿವರಿನಲ್ಲಿ ಔಷಧಗಳನ್ನು ಒಡೆಯುವ ಒಂದು ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಅದರಿಂದ ಅಟಜನವಿರ್ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಆದರೆ ಬಾಗಿಲು ಮುಚ್ಚಿದರೆ ಎಲ್ಲರಿಗೂ ಮುಚ್ಚಿದ ಹಾಗೆ. ಟ್ರಯಾಮ್ಸಿನೊಲೋನ್ ಹೊರಹೋಗುವುದೂ ಅದೇ ಬಾಗಿಲಿನಿಂದ. ಕೀಲಿಗೆ ಹಾಕಿದ ಸಣ್ಣ ಡೋಸ್ ನಿಧಾನವಾಗಿ ರಕ್ತಕ್ಕೆ ಸೇರಿ, ಹೊರಹೋಗಲಾಗದೆ ವಾರಗಟ್ಟಲೆ ಮೈಯೆಲ್ಲ ಸುತ್ತುತ್ತದೆ. ಮೂಗಿಗೆ ಹೊಡೆಯುವ ಫ್ಲುಟಿಕಾಸೋನ್ ಅನ್ನುವ ಸ್ಟೆರಾಯ್ಡ್ ಸ್ಪ್ರೇಯಿಂದಲೂ ಹೀಗೇ ಆಗಿರುವ ಉದಾಹರಣೆಗಳಿವೆ. ಮೈಗ್ರೇನ್‌ಗೆ ಕೊಡುವ ಎರ್ಗೊಟಮಿನ್ ಇನ್ನೂ ಅಪಾಯ. ರಿಟೊನವಿರ್ ಜೊತೆ ಸೇರಿ ಕೈಕಾಲಿನ ರಕ್ತನಾಳ ಬಿಗಿದು ಬೆರಳು ಕಪ್ಪಾದವರಿದ್ದಾರೆ. ತೀವ್ರ ನೋವಿಗೆ ಅಂಟಿಸುವ ಫೆಂಟನಿಲ್ ಪಟ್ಟಿ ಹಾಕಿದರೆ ಉಸಿರೇ ನಿಧಾನವಾಗಬಹುದು. ನೋಡಿ, ಮೂಗಿನ ಸ್ಪ್ರೇ ಬಿಟ್ಟರೆ ಎಲ್ಲವೂ ನೋವಿನ ಚಿಕಿತ್ಸೆಗಳೇ.

ಮೂಳೆ ಸಾಯಲು ಇಂಜೆಕ್ಷನ್ ಒಂದೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ. ಎಚ್‌ಐವಿ ಇರುವವರಲ್ಲಿ ಸ್ಟೆರಾಯ್ಡ್ ಇಲ್ಲದೆಯೂ ಇದು ಬೇರೆಯವರಿಗಿಂತ ಜಾಸ್ತಿ ಕಾಣುತ್ತದೆ. ಆದರೆ ಮುಖ ದುಂಡಗಾಗಿದ್ದಕ್ಕೆ ಬೇರೆ ಉತ್ತರ ಇರಲಿಲ್ಲ.

ಆ ಮೂಳೆ ಡಾಕ್ಟರನ್ನು ಬೈಯುವುದು ಸುಲಭ. ಅವರು ಕೇಳಿದ್ದರು, ಇವರು ಹೇಳಲಿಲ್ಲ. ನಮ್ಮ ಕಥೆ ಏನು? ನಮ್ಮ ಕ್ಲಿನಿಕ್‌ನ ಅರ್ಜಿಯಲ್ಲಿ "ಈಗ ತಗೊಳ್ಳುತ್ತಿರುವ ಮಾತ್ರೆಗಳು" ಅಂತ ಒಂದು ಸಾಲಿತ್ತು. ಇವರು ಮಾತ್ರೆಗಳನ್ನೆಲ್ಲ ಪ್ರಾಮಾಣಿಕವಾಗಿ ಬರೆದಿದ್ದರು. ಇಂಜೆಕ್ಷನ್ ಮಾತ್ರೆ ಅಲ್ಲವಲ್ಲ. ಈಗ ಆ ಸಾಲಿನ ಕೆಳಗೆ ಇನ್ನೊಂದಿದೆ: ಇಂಜೆಕ್ಷನ್, ಇನ್ಹೇಲರ್, ಮೂಗಿನ ಸ್ಪ್ರೇ, ಕಣ್ಣಿನ ಡ್ರಾಪ್ಸ್, ಮುಲಾಮು, ಯಾರೋ ಕೊಟ್ಟ ಪುಡಿ.

ಮುಂದೆ ಮಾಡಿದ್ದು

ಮೈ ತಾನೇ ತಯಾರಿಸುವ ಸ್ಟೆರಾಯ್ಡ್ ಅಂದರೆ ಕಾರ್ಟಿಸಾಲ್. ಬೆಳಿಗ್ಗೆ 8ಕ್ಕೆ ಅದು 1.8 ಬಂತು. 3ಕ್ಕಿಂತ ಕೆಳಗೆ ಅಂದರೆ ಅದನ್ನು ತಯಾರಿಸುವ ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸಿದೆ ಅಂತ ಅರ್ಥ. ಮುಖ ನೋಡಿದರೆ ಸ್ಟೆರಾಯ್ಡ್ ಜಾಸ್ತಿ, ರಕ್ತ ನೋಡಿದರೆ ಇಲ್ಲವೇ ಇಲ್ಲ. ಹೊರಗಿನಿಂದ ಅಷ್ಟು ಬರುತ್ತಿರುವಾಗ ನಾನ್ಯಾಕೆ ದುಡಿಯಲಿ ಅಂತ ಗ್ರಂಥಿ ಮಲಗಿಬಿಟ್ಟಿತ್ತು. ರಿಟೊನವಿರ್ ತೆಗೆಯಬೇಕು ನಿಜ, ಆದರೆ ಥಟ್ಟನೆ ತೆಗೆದರೆ ಮೈಯಲ್ಲಿ ಉಳಿದ ಟ್ರಯಾಮ್ಸಿನೊಲೋನ್ ಬೇಗ ಖಾಲಿಯಾಗಿ, ಏನೂ ಇಲ್ಲದ ಸ್ಥಿತಿಗೆ ಬೀಳಬಹುದು. ಅದು ಜೀವಕ್ಕೇ ಅಪಾಯ. ಹಾಗಾಗಿ ಹಾರ್ಮೋನ್ ತಜ್ಞರು ಮೊದಲು ಕಾರ್ಟಿಸಾಲ್ ಜಾಗ ತುಂಬುವ ಹೈಡ್ರೊಕಾರ್ಟಿಸೋನ್ ಅನ್ನು ಸಣ್ಣ ಡೋಸ್‌ನಲ್ಲಿ ಶುರು ಮಾಡಿದರು. ಆಮೇಲೆ ಎಚ್‌ಐವಿ ಡಾಕ್ಟರು ಹಳೆಯ ಕಾಗದಪತ್ರ ಎಲ್ಲ ನೋಡಿ ಅಟಜನವಿರ್ ಮತ್ತು ರಿಟೊನವಿರ್ ಜಾಗಕ್ಕೆ ಡೊಲುಟೆಗ್ರಾವಿರ್ ತಂದರು. ಜ್ವರ ಬಂದರೆ, ವಾಂತಿಯಾದರೆ, ಆಪರೇಷನ್ ಇದ್ದರೆ ಹೈಡ್ರೊಕಾರ್ಟಿಸೋನ್ ಹೇಗೆ ಏರಿಸಬೇಕು ಅಂತ ಒಂದು ಚೀಟಿ ಬರೆದು ಜೇಬಿನಲ್ಲಿಡಲು ಕೊಟ್ಟೆವು.

ಬದಲಾಯಿಸಿದ ತಿಂಗಳಲ್ಲಿ ಕ್ರಿಯಾಟಿನಿನ್ 1.3 ಆಯಿತು. ಎಲ್ಲರಿಗೂ ಒಂದು ಕ್ಷಣ ಗಾಬರಿ. ಡೊಲುಟೆಗ್ರಾವಿರ್ ಕ್ರಿಯಾಟಿನಿನ್ ಹೊರಹೋಗುವುದನ್ನು ಸ್ವಲ್ಪ ತಡೆಯುತ್ತದೆ, ಕಿಡ್ನಿಗೆ ಹಾನಿ ಆಗಿರುವುದಿಲ್ಲ. ಅಲ್ಲೇ ನಿಂತಿತು.

ಸೊಂಟದ ನೋವಿಗೆ ಪ್ಯಾರಾಸಿಟಮಾಲ್, ಊರುಗೋಲು. ಊರುಗೋಲು ನೋವಿರುವ ಕಡೆ ಅಲ್ಲ, ಎದುರು ಕೈಯಲ್ಲಿ ಹಿಡಿಯಬೇಕು. ಎಡ ಸೊಂಟಕ್ಕೆ ಬಲಗೈ. ಇದನ್ನು ಎಷ್ಟೋ ಜನ ತಪ್ಪು ಮಾಡುತ್ತಾರೆ, ಇವರೂ ಮಾಡಿದ್ದರು. ಕೈ ಬದಲಿಸಿದ ತಕ್ಷಣ ಮುಖ ಸಡಿಲವಾಯಿತು. ಗ್ಯಾಬಪೆಂಟಿನ್ ವಾಪಸ್ 900ಕ್ಕೆ ಇಳಿಸಿದೆ. ನಾನು ಏರಿಸಿದ್ದರಿಂದ ಸಿಕ್ಕಿದ್ದು ತೂಕಡಿಕೆ ಮಾತ್ರ.

ಐದು ತಿಂಗಳಲ್ಲಿ ಎಡಗಡೆ ಚೆಂಡು ಕುಸಿಯಿತು. ಕೀಲು ಬದಲಿಸುವುದೇ ದಾರಿ. ದಿನ ಸಿಗಲು ಎರಡೂವರೆ ತಿಂಗಳು ಕಾಯಬೇಕಿತ್ತು, ನೋವು ಒಂಬತ್ತಕ್ಕೆ ಏರಿತ್ತು. ಮಾರ್ಫಿನ್ ಅಂದೆ. ಅವರು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, "ಅಷ್ಟಕ್ಕೆ ಬಂತಾ?" ಅಂತ ಕೇಳಿದರು. ಹೆಂಡತಿಗೆ ಕೊನೆಯ ಎರಡು ದಿನ ಕೊಟ್ಟಿದ್ದು ಅದನ್ನೇ.

ಅವತ್ತು ಔಷಧದ ಮಾತು ಹತ್ತು ನಿಮಿಷ, ಹೆಂಡತಿಯ ಮಾತು ಮುಕ್ಕಾಲು ಗಂಟೆ. ಯಾವ ನೋವು ಬಂದರೂ ಇದೇ ಕೊನೆ ಇರಬಹುದು ಅಂತ ಹದಿಮೂರು ವರ್ಷದಿಂದ ಹೆದರಿಕೊಂಡೇ ಇದ್ದರು. ರಾತ್ರಿ ಎಂಟು ಅಂಕ ಅನ್ನುವಾಗ ಅದರಲ್ಲಿ ಆ ಹೆದರಿಕೆಯ ಪಾಲೂ ಇತ್ತು. ಕೊನೆಗಾಲದ ರೋಗಿಗಳ ಆರೈಕೆಗೆ ಅಡಿಪಾಯ ಹಾಕಿದ ಬ್ರಿಟಿಷ್ ವೈದ್ಯೆ ಸಿಸಿಲಿ ಸಾಂಡರ್ಸ್ ಇದನ್ನು ಒಟ್ಟು ನೋವು ಅಂತ ಕರೆದರು: ಮೈಯದು, ಮನಸ್ಸಿನದು, ಸಂಬಂಧಗಳದು, ಎಲ್ಲ ಸೇರಿದ್ದು.

ಕೊನೆಗೆ ಒಪ್ಪಿದರು. ನಾಲ್ಕು ಗಂಟೆಗೊಮ್ಮೆ 5 ಮಿ.ಗ್ರಾಂ ಬಾಯಿಂದ, ಮಲಗುವಾಗ ಎರಡರಷ್ಟು, ರಾತ್ರಿ ಎದ್ದು ತಗೊಳ್ಳಬೇಕಾಗದ ಹಾಗೆ. ಮಲಬದ್ಧತೆಗೆ ಔಷಧ ಮೊದಲ ದಿನದಿಂದಲೇ. ಅದು ಆಮೇಲೆ ನೋಡೋಣ ಅನ್ನುವ ವಿಷಯವೇ ಅಲ್ಲ. ಗ್ಯಾಬಪೆಂಟಿನ್ ಜೊತೆ ಸೇರಿದರೆ ಮಂಪರು, ಉಸಿರಾಟ ನಿಧಾನ ಆಗಬಹುದು ಅಂತ ತಂಗಿಗೂ ಹೇಳಿಕೊಟ್ಟೆವು. ಆಪರೇಷನ್ ಆಗಿ ಮೂರು ವಾರದಲ್ಲಿ ಇಳಿಸುತ್ತಾ ನಿಲ್ಲಿಸುತ್ತೇವೆ ಅಂತ ಬರೆದೇ ಶುರು ಮಾಡಿದೆವು. ಹಾಗೇ ನಿಂತಿತು. ಚಟ ಹಿಡಿಯುತ್ತದೆ ಅಂತ ಹೆದರಿದ್ದವರು ಕೊನೆಯ ವಾರದ ಡೋಸ್‌ಗಳನ್ನು ತಾವೇ ಬಿಟ್ಟಿದ್ದರು.

ಆಪರೇಷನ್ ಮಾಡುವ ಡಾಕ್ಟರಿಗೆ ಎಚ್‌ಐವಿ ವಿಷಯ ಹೇಳುವುದು ಅವರ ತೀರ್ಮಾನಕ್ಕೆ ಬಿಟ್ಟಿದ್ದು. ನಾನು ಹೇಳಲೇ ಅಂದೆ, ಬೇಡ ಅಂದರು. ನನ್ನ ರೂಮಿನಲ್ಲಿ ಎರಡು ಸಲ ಅಭ್ಯಾಸ ಮಾಡಿದರು. "ನನಗೆ ಎಚ್‌ಐವಿ ಇದೆ. ಮಾತ್ರೆ ತಗೊಳ್ತಿದ್ದೀನಿ. ವೈರಸ್ ಲೆಕ್ಕಕ್ಕೆ ಸಿಗದಷ್ಟು ಕಮ್ಮಿ ಇದೆ. ಮಾತ್ರೆಗಳ ಪಟ್ಟಿ ಇಲ್ಲಿದೆ." ಅಲ್ಲಿ ಹೋಗಿ ಅಷ್ಟನ್ನೂ ಒಂದೇ ಉಸಿರಿಗೆ ಹೇಳಿದರಂತೆ. ಆ ಡಾಕ್ಟರು ಪಟ್ಟಿ ಓದಿ, "ಹೈಡ್ರೊಕಾರ್ಟಿಸೋನ್ ಆಪರೇಷನ್ ದಿನ ಏರಿಸಬೇಕಲ್ವಾ?" ಅಂತ ಅಷ್ಟೇ ಕೇಳಿದರು. ಬೇರೆ ಏನೂ ಕೇಳಲಿಲ್ಲ ಅಂತ ಇವರು ನನಗೆ ಮೂರು ಸಲ ಹೇಳಿದರು.

ಸೊಂಟದ ನೋವು ಈಗ ಒಂದು, ಎರಡು. ಬಲಗಡೆ ಕುಸಿದಿಲ್ಲ, ನೋಡುತ್ತಿದ್ದೇವೆ. ಹೈಡ್ರೊಕಾರ್ಟಿಸೋನ್ ಒಂದು ವರ್ಷ ಬೇಕಾಯಿತು. ಪಾದದ ಉರಿ ರಾತ್ರಿ ಇನ್ನೂ ನಾಲ್ಕು. ರಟ್ಟಿನ ಪೆಟ್ಟಿಗೆ ಮೆತ್ತಗಾಗಿ ಹೊಸದು ಬಂದಿದೆ. ಮಷಿನ್ ಮುಂದೆ ಎರಡು ಗಂಟೆ ಕೂರುತ್ತಾರೆ.

ಹೋದ ಸಲ ಬಂದಾಗ ಜೇಬಿನಿಂದ ಒಂದು ಮೂಗಿನ ಸ್ಪ್ರೇ ತೆಗೆದು ಮೇಜಿನ ಮೇಲಿಟ್ಟರು. ಸೀಲ್ ಒಡೆದಿರಲಿಲ್ಲ. ನೆಗಡಿಗೆ ಯಾರೋ ಬರೆದುಕೊಟ್ಟಿದ್ದು, ಫ್ಲುಟಿಕಾಸೋನ್. "ಇದು ತಗೋಬಹುದಾ?" ರಿಟೊನವಿರ್ ಈಗ ಇಲ್ಲ, ತಗೊಳ್ಳಿ ಅಂದೆ. ಆದರೂ ಪಟ್ಟಿಯಲ್ಲಿ ಬರೆದುಕೊಳ್ಳಿ ಅಂದರು. ಬರೆದುಕೊಂಡೆ.